ಬೇಕಿದ್ದರೆ ಎಂಬ ಮಾತು

ತ್ಲೆಮ್ಸೆನ್,
ಗುರುವಾರ, ೧೫ ಫೆಬ್ರವರಿ ೨೦೨೪

ಪ್ರೀತಿಯ ರದ್ವಾನ್,

ಮೊದಲು ನಿನ್ನ ಕೆಮ್ಮಿನ ಸಮಾಚಾರ ಹೇಳು. ಭಾನುವಾರ ಫೋನಿನಲ್ಲಿ ಮಾತಿಗೊಂದು ಸಲ ಕೆಮ್ಮಿದೆ. ಕೇಳಿದರೆ "ಏನಿಲ್ಲ, ಇಲ್ಲಿನ ಥಂಡಿಗೆ" ಎಂದೆ. ಥಂಡಿಗೇ ಕೆಮ್ಮು ಬರುವುದಾದರೆ ಆ ದೇಶದವರೆಲ್ಲ ಯಾವಾಗಲೋ ಸತ್ತುಹೋಗಬೇಕಿತ್ತು. ಉಣ್ಣೆಯ ಬನಿಯನ್ ಮೈಮೇಲೆ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲಾ ಸೂಟ್‌ಕೇಸಿಗೆ ಚಳಿಯಾದೀತು ಎಂದು ಅದರೊಳಗೇ ಬಿಟ್ಟಿದ್ದೀಯೋ? ಅತ್ತೆ ಬೆಟ್ಟದ ಝಾತರ್ ಸೊಪ್ಪನ್ನು ನೆರಳಿನಲ್ಲಿ ಒಣಗಿಸಿ ಬಟ್ಟೆಯಲ್ಲಿ ಕಟ್ಟಿಕೊಟ್ಟಿದ್ದಾರೆ. ಕುದಿಸಿ, ಜೇನು ಹಾಕಿ, ಬಿಸಿ ಇರುವಾಗಲೇ ಕುಡಿಯಬೇಕಂತೆ. "ನನ್ನಾಣೆ, ಚೆಲ್ಲಬಾರ್ದು ಅಂತ ಹೇಳು ಅವನಿಗೆ" ಎಂದಿದ್ದಾರೆ. ಹೇಳಿದ್ದೇನೆ, ಇನ್ನು ನೀನುಂಟು ನಿನ್ನ ಅಮ್ಮ ಉಂಟು. ಜೊತೆಗೆ ಒಂದು ಡಬ್ಬಿ ಕಾಕ್ ಇದೆ, ಎಳ್ಳು ಸೋಂಪು ಹಾಕಿ ಸುಟ್ಟ ಬಳೆಯಂಥ ಬಿಸ್ಕತ್ತು. ಪಕ್ಕದ ಮನೆಯ ಗೌತಿ ಮಾವ ಮಗಳ ಬಾಣಂತನಕ್ಕೆ ಹೆಂಡತಿಯನ್ನು ಕರೆದುಕೊಂಡು ನೀನಿರುವ ಊರಿಗೇ ಹೊರಟಿದ್ದಾರೆ. ಈ ಕಾಗದವನ್ನೂ ಅವರ ಕೈಯಲ್ಲೇ ಕೊಡುತ್ತೇನೆ.

ಇಲ್ಲಿ ಎಲ್ಲರೂ ಕ್ಷೇಮ. ರಂಜಾನಿಗೆ ಇನ್ನೂ ದಿನವಿದೆ, ಆಗಲೇ ನಿನ್ನ ಅಮ್ಮ ಮನೆಯ ರತ್ನಗಂಬಳಿಗಳನ್ನೆಲ್ಲ ತಾರಸಿಗೆ ಹೊರಿಸಿ ಬಡಿಸಿ ನನ್ನ ಸೊಂಟ ಮುರಿದಿದ್ದಾರೆ. ನಿನ್ನ ಮಗಳು ತಸ್ನೀಮ್ ಬೀದಿ ಕೊನೆಯ ಬ್ರೆಡ್ಡಿನ ಅಂಗಡಿಯವನಿಗೆ ಇಂಗ್ಲಿಷಿನಲ್ಲಿ ಗುಡ್ ಮಾರ್ನಿಂಗ್ ಹೇಳುತ್ತಾಳೆ. ಸಾಯಂಕಾಲ ಹೋದರೂ ಅದನ್ನೇ ಹೇಳುತ್ತಾಳೆ. ಅವನು ನಕ್ಕರೆ "ನಾವು ಇಂಗ್ಲೆಂಡಿಗೆ ಹೋಗ್ತೀವಲ್ಲ, ಅಭ್ಯಾಸ ಬೇಕು" ಎಂದಳಂತೆ. ಬಾಯಿ ಮಾತ್ರ ಪೂರ್ತಿ ನಿಮ್ಮ ಮನೆತನದ್ದು.

ಫೋನು ಬಿಟ್ಟು ಕಾಗದವೇಕೆ ಎಂದು ಕೇಳಬೇಡ, ನಿನಗೆ ಗೊತ್ತಿದೆ. ನಿನ್ನ ಫೋನ್ ಬಂದರೆ ಅತ್ತೆ ಸ್ಪೀಕರ್ ಹಾಕಿಸುತ್ತಾರೆ, ನಿನ್ನ ತಂಗಿ ಅಡುಗೆಮನೆಯಿಂದ ಓಡಿ ಬರುತ್ತಾಳೆ, ಮೇಲಿನ ಮನೆಯ ಚಿಕ್ಕಮ್ಮ ಮೆಟ್ಟಿಲ ಮೇಲಿಂದಲೇ ದುವಾ ಮಾಡುತ್ತಾರೆ. ನೀನು ಅಲ್ಲಿಂದ "ಎಲ್ಲಾ ಚೆನ್ನಾಗಿದೆ, ದೇವ್ರ ದಯ, ಪ್ರೊಫೆಸರ್ ತುಂಬಾ ಒಳ್ಳೇವ್ರು, ನನ್ನ ಕೆಲ್ಸ ಕುತೂಹಲಕರವಾಗಿದೆ ಅಂದ್ರು" ಎನ್ನುತ್ತೀಯ. ಇಡೀ ಮನೆ ಅಲ್ಹಮ್ದುಲಿಲ್ಲಾ ಎನ್ನುತ್ತದೆ. ಅಷ್ಟು ಜನರ ನಡುವೆ ನಾನು ಏನು ಬಾಯಿ ಬಿಡಲಿ?

ವಿಷಯ ಇಷ್ಟು. ಮಾರ್ಚ್ ನಾಲ್ಕಕ್ಕೆ ನಿನ್ನ ಪಿಎಚ್‌ಡಿಯ ಮೊದಲ ವರ್ಷದ ಕೆಲಸವನ್ನು ಸಮಿತಿ ನೋಡುತ್ತದೆ. ಪಾಸಾದರೆ ಎರಡನೇ ವರ್ಷ, ಬೇಸಿಗೆಯೊಳಗೆ ನಾನೂ ತಸ್ನೀಮಳೂ ಅಲ್ಲಿ. ಇಲ್ಲವಾದರೆ ಸರ್ಕಾರದ ವಿದ್ಯಾರ್ಥಿವೇತನ ಅಲ್ಲಿಗೇ ನಿಲ್ಲುತ್ತದೆ, ನೀನು ಗಂಟುಮೂಟೆ ಕಟ್ಟಿಕೊಂಡು ಇಲ್ಲಿ. ಪಾಸಾಗುತ್ತೇನೆ ಎಂದು ನೀನು ನಂಬಿದ್ದೀಯ. ಹೀಗೇ ಹೋದರೆ ಆಗುವುದಿಲ್ಲ ಎಂದು ನಿನ್ನ ಪ್ರೊಫೆಸರು ಅಕ್ಟೋಬರಿನಿಂದ ನಿನಗೆ ಹೇಳುತ್ತಲೇ ಇದ್ದಾರೆ, ರದ್ವಾನ್. ನಿನಗೆ ಕೇಳಿಸಿಲ್ಲ.

ಕೋಪ ಮಾಡಿಕೊಂಡು ಕಾಗದ ಮಡಚಿಡಬೇಡ. ಮುಂದೆ ಓದು. ನೀನು ಅವರ ಒಪ್ಪಿಗೆ ಕೇಳಿ ಪ್ರತಿ ಭೇಟಿಯನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುವುದು, ನಾನು ಅದನ್ನು ಬರೆದಿಳಿಸಿ ಕಷ್ಟದ ಪದಕ್ಕೆ ಅರ್ಥ ಹಾಕಿ ತಿರುಗಿ ಕಳಿಸುವುದು, ಇದು ನಮ್ಮಿಬ್ಬರ ಏರ್ಪಾಡು. ಪದಗಳ ಅರ್ಥವೆಲ್ಲ ಸರಿಯಾಗಿಯೇ ಇತ್ತು. ಮಾತಿನ ಅರ್ಥ ಬೇರೆಯೇ ಇತ್ತು ಎಂದು ಹೊಳೆದದ್ದು ನನ್ನ ಎರಡನೇ ವರ್ಷದ ತರಗತಿಯಲ್ಲಿ. ಈ ವರ್ಷ ಪಠ್ಯಪುಸ್ತಕದ ಸಂಭಾಷಣೆಗಳನ್ನು ಬದಿಗಿಟ್ಟು ನಿಜವಾದ ಮಾತಿನ ಸಂಗ್ರಹ ಇಟ್ಟುಕೊಂಡು ಪಾಠ ಮಾಡುತ್ತಿದ್ದೇನೆ ಎಂದಿದ್ದೆನಲ್ಲ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಜನ ಆಡಿದ ಮಾತು: ಉಪನ್ಯಾಸ, ಚರ್ಚೆ, ಮೇಷ್ಟರ ಕೋಣೆಯಲ್ಲಿ ವಿದ್ಯಾರ್ಥಿ ಕೂತು ಗೋಗರೆದದ್ದು, ಎಲ್ಲವನ್ನೂ ರೆಕಾರ್ಡ್ ಮಾಡಿ, ಕೆಮ್ಮು ತಡವರಿಕೆ ಅರ್ಧಕ್ಕೆ ನಿಂತ ವಾಕ್ಯ ಸಮೇತ ಬರೆದಿಟ್ಟಿದ್ದಾರೆ. ಒಂದು ಮಾತು ಟೈಪ್ ಮಾಡಿದರೆ ಸಾಕು, ಅದನ್ನು ಯಾರ್ಯಾರು ಆಡಿದರು, ಅದಕ್ಕೆ ಮುಂಚೆ ಏನಿತ್ತು, ಆಮೇಲೆ ಏನಾಯಿತು ಎಂದು ಸಾಲುಸಾಲಾಗಿ ಬಂದು ನಿಲ್ಲುತ್ತದೆ. ನಮ್ಮ ವಿಭಾಗದ ಮುಖ್ಯಸ್ಥರಿಗೆ ಇದು ಸೇರುವುದಿಲ್ಲ. "ಏನಮ್ಮಾ ವಸೀಲಾ, ಮಕ್ಕಳಿಗೆ ತೊದಲೋದನ್ನ ಕಲಿಸ್ತಿದ್ದೀಯಂತೆ?" ಎಂದು ಕಾರಿಡಾರಿನಲ್ಲಿ ಹತ್ತು ಜನರ ಮುಂದೆ ಕೇಳಿದರು. "ಹೌದು ಸರ್, ಪ್ರೊಫೆಸರುಗಳು ತೊದಲೋ ಹಾಗೇ ಕಲಿಸ್ತಿದ್ದೀನಿ" ಎಂದೆ. ಅವತ್ತಿನಿಂದ ನನ್ನ ಸಲಾಮಿಗೆ ತಲೆ ಮಾತ್ರ ಆಡಿಸುತ್ತಾರೆ.

ಇದು ಹೊಳೆದ ದಿನ ತರಗತಿಗೆ ಒಂದಾದ ಮೇಲೊಂದು ನಡೆದ ಎರಡು ಭೇಟಿಗಳ ಮಾತನ್ನು ಕೇಳಿಸಿದ್ದೆ. ಮೇಷ್ಟರು ಹುಡುಗನಿಗೆ "ಈ ಭಾಗವನ್ನ ಬೇಕಿದ್ದರೆ ಇನ್ನೊಂದು ಸಲ ನೋಡಬಹುದೇನೋ" ಎನ್ನುತ್ತಾರೆ. ಹುಡುಗ ಮರುವಾರ ಅದನ್ನು ಪೂರ್ತಿ ತಿದ್ದಿ ಬರೆದುಕೊಂಡು ಬರುತ್ತಾನೆ. ಹಿಂದಿನ ಬೆಂಚಿನಲ್ಲಿ ಹಿದಾಯತ್ ಎಂಬ ಹುಡುಗಿಯಿದ್ದಾಳೆ, ನಾಲಗೆಗೆ ಬೀಗವಿಲ್ಲ. "ಉಸ್ತಾದಾ, ಇವ್ನಿಗೇನು ತಲೆ ಕೆಟ್ಟಿದ್ಯಾ? ಮೇಷ್ಟ್ರು ಬೇಕಿದ್ರೆ ಅಂದ್ರು, ಮಾಡು ಅಂತ ಎಲ್ಲಿ ಅಂದ್ರು? ನಾನಾಗಿದ್ರೆ ಬೇಡ ಸರ್ ಅಂತ ಮನೆಗೋಗಿ ಮಲ್ಕೋತಿದ್ದೆ" ಎಂದಳು. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಸರಿ, ನೋಡೇಬಿಡೋಣ ಎಂದು ಅವರ ಎದುರಿಗೇ ಆ ಮಾತನ್ನು ಹುಡುಕಿದೆ. ಪುಟ ತುಂಬ ಬಂತು. ಎಲ್ಲ ಕಡೆಯೂ ಮೇಷ್ಟರು ಬೇಕಿದ್ದರೆ ಎನ್ನುತ್ತಾರೆ, ಎಲ್ಲ ಕಡೆಯೂ ಎದುರಿಗಿರುವವನು "ಆಯ್ತು, ಮಾಡ್ತೀನಿ", "ಯಾವತ್ತಿಗೆ ಕೊಡ್ಲಿ?", "ಅಯ್ಯೋ, ಅಷ್ಟು ಕೆಟ್ಟದಾಗಿದ್ಯಾ?" ಎನ್ನುತ್ತಾನೆ. ಬೇಡ ಎಂದವನು ಒಬ್ಬನೂ ಇರಲಿಲ್ಲ. ನನ್ನ ನಗು ಅಲ್ಲೇ ನಿಂತುಹೋಯಿತು. ಬೇಡ ಎಂದ ಒಬ್ಬನ ದನಿ ನನಗೆ ಗೊತ್ತಿತ್ತು. ಅದು ಸಂಗ್ರಹದಲ್ಲಿರಲಿಲ್ಲ, ನನ್ನ ಕೈಚೀಲದ ಫೋನಿನಲ್ಲಿತ್ತು.

ಮನೆಗೆ ಬಂದವಳೇ ನಿನ್ನ ಭೇಟಿಗಳನ್ನು ಮೊದಲಿನಿಂದ ಕೇಳಿದೆ. ಈ ಸಲ ಪದಗಳನ್ನು ಬಿಟ್ಟು, ಒಂದು ಮಾತಾದ ಮೇಲೆ ಏನಾಗುತ್ತದೆ ಎಂದಷ್ಟೇ ಕೇಳಿದೆ. ಅಕ್ಟೋಬರಿನಲ್ಲಿ ಅವರು ಹೇಳುತ್ತಾರೆ, "ಮೂರನೇ ಅಧ್ಯಾಯ ಕುತೂಹಲಕರವಾಗಿದೆ. ಬೇಕಿದ್ದರೆ ಇನ್ನೊಂದು ಅಣೆಕಟ್ಟಿನ ಹೂಳಿನ ಅಳತೆಯನ್ನೂ ಸೇರಿಸಬಹುದೇನೋ." ನೀನು ಎಷ್ಟು ಸಂತೋಷದಿಂದ "ಇಲ್ಲ ಸರ್, ಧನ್ಯವಾದಗಳು, ಪರವಾಗಿಲ್ಲ" ಎನ್ನುತ್ತೀಯ! ನವೆಂಬರಿನಲ್ಲಿ, "ಅಂಕಿಅಂಶದಲ್ಲಿ ಪಳಗಿದವರೊಬ್ಬರಿದ್ದಾರೆ, ಇಷ್ಟವಿದ್ದರೆ ಪರಿಚಯ ಮಾಡಿಸಲೇ?" "ಇಲ್ಲ ಸರ್, ನಿಮಗ್ಯಾಕೆ ತೊಂದರೆ." ಕ್ರಿಸ್‌ಮಸ್ಸಿಗೆ ಮುಂಚೆ, "ಸಮಿತಿಯನ್ನು ಸ್ವಲ್ಪ ಮುಂದಕ್ಕೆ ಹಾಕಿಸಬೇಕು ಅನಿಸಿದರೆ ಹಾಕಿಸಬಹುದು, ಎಷ್ಟೋ ಜನ ಹಾಕಿಸುತ್ತಾರೆ." ನೀನು ನಗುತ್ತೀಯ. "ಬೇಡ ಸರ್, ನಾನು ತಯಾರಾಗಿದ್ದೇನೆ." ಪ್ರತಿ ಸಲವೂ ಆಮೇಲೆ ಆ ಮನುಷ್ಯ "ಸರಿ, ಅದು ನಿಮಗೆ ಬಿಟ್ಟದ್ದು" ಎನ್ನುತ್ತಾರೆ. ಆ ಮಾತನ್ನೂ ಸಂಗ್ರಹದಲ್ಲಿ ಹುಡುಕಿ ನೋಡಿದೆ. ಮೇಷ್ಟರು ಅಷ್ಟು ಅಂದರೆಂದರೆ ವಿದ್ಯಾರ್ಥಿಗಳು ಗಾಬರಿಯಾಗಿ ಮತ್ತೆ ಕೂತುಕೊಳ್ಳುತ್ತಾರೆ. ನೀನು ಎದ್ದು ಕೈಕುಲುಕಿ ಹೊರಟುಬಿಡುತ್ತೀಯ.

ನೀನು ಅಹಂಕಾರದಿಂದ ಬೇಡ ಅನ್ನಲಿಲ್ಲ, ಅದು ನನಗೆ ಗೊತ್ತು. ಅವರಿಗೆ ಹೇಗೆ ಗೊತ್ತಾಗಬೇಕು? ಬೇಡ ಅನ್ನುವಾಗ ನೀನು ಎದೆಯ ಮೇಲೆ ಕೈಯಿಟ್ಟಿರುತ್ತೀಯ, ನೋಡದಿದ್ದರೂ ಆಣೆ ಮಾಡಿ ಹೇಳುತ್ತೇನೆ. ನಿನ್ನ ಅಮ್ಮ ನಿನಗೆ ಮಾತು ಕಲಿಸುವ ಮುಂಚೆ ಕಲಿಸಿದ್ದು ಅದನ್ನೇ ಅಲ್ಲವೇ? ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲು ಬೇಡ ಅನ್ನಬೇಕು. ಎರಡನೇ ಸಲ ಒತ್ತಾಯ ಮಾಡಿದರೆ ನಿಮಗ್ಯಾಕೆ ತೊಂದರೆ ಅನ್ನಬೇಕು. ಮತ್ತೂ ಬಿಡದೆ ಕೈಗಿಟ್ಟರೆ ತೆಗೆದುಕೊಳ್ಳಬೇಕು. ಮೊದಲ ಸಲವೇ ಹೂಂ ಅಂದವನು ಹಸಿದು ಬಂದವನು, ಮನೆಯಲ್ಲಿ ಬುದ್ಧಿ ಕಲಿಸಿಲ್ಲ. ನನ್ನನ್ನು ನೋಡಲು ಬಂದ ದಿನ ಏನಾಯಿತು ನೆನಪಿದೆಯೇ? ನನ್ನ ಅಮ್ಮ ಮಾರ್ಸೇಯಲ್ಲಿ ಫ್ರೆಂಚರ ನಡುವೆ ಬೆಳೆದವಳು. ಟೀ ಹಿಡಿದಳು, ನೀನು ಬೇಡ ಎಂದೆ, ಅವಳು "ಹಾಗಾ? ಸರಿ" ಎಂದು ತಟ್ಟೆಯನ್ನು ನಿನ್ನ ಮೂಗಿನ ಕೆಳಗಿಂದ ತೆಗೆದುಕೊಂಡು ಹೋದಳು. ನೀನು ಪೂರ್ತಿ ಮಧ್ಯಾಹ್ನ ಒಣ ಗಂಟಲಲ್ಲಿ ಬಾದಾಮಿ ಮಿಠಾಯಿ ನುಂಗಿದೆ. ಮದುವೆಯಾದ ಮೇಲೆ ಹೇಳಿದಾಗ ನಾನು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದೆ. ಈಗ ನಗು ಬರುತ್ತಿಲ್ಲ. ನೀನು ಆ ಪ್ರೊಫೆಸರ ಎದುರು ಉಪಚಾರ ಮಾಡುತ್ತಾ ಕೂತಿದ್ದೀಯ, ಅವರು ಒತ್ತಾಯ ಮಾಡಲಿ ಎಂದು ಕಾಯುತ್ತಿದ್ದೀಯ. ಅವರಲ್ಲಿ ಒತ್ತಾಯ ಮಾಡುವುದು ಅಗೌರವ. ಬೇಡ ಎಂದರೆ ಬೇಡ ಎಂದು ತಿಳಿದು ಪಾಪ ತಟ್ಟೆ ಒಳಗಿಟ್ಟುಬಿಟ್ಟಿದ್ದಾರೆ.

ಅವರದ್ದೇನೂ ತಪ್ಪಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಯವಾಗಿ ಹೇಳಿದ್ದಾರೆ. ನಮಗೆ ಅಭ್ಯಾಸ ಬೇರೆ. ಇಲ್ಲಿ ನಮ್ಮ ಮುಸ್ತಾರಿ ಮೇಷ್ಟರು ನಿನ್ನ ಕಾಲುವೆಯ ನಕ್ಷೆಯನ್ನು ಹರಿದು "ಇದನ್ನ ತಗೊಂಡೋಗಿ ಕಡಲೆಕಾಯಿ ಮಾರೋನಿಗೆ ಕೊಡು" ಎಂದರು, ನೀನು ಮರುದಿನ ಹೊಸದನ್ನು ಬರೆದುಕೊಂಡು ಹೋದೆ. ಅದು ನಿನಗೆ ಅರ್ಥವಾಗುತ್ತದೆ. ಹಾಗೆಂದು ನಯದ ಮಾತು ನಮಗೆ ಗೊತ್ತೇ ಇಲ್ಲವೆಂದಲ್ಲ. ನಿನ್ನ ತಂಗಿಯನ್ನು ಕೇಳಿಕೊಂಡು ಆ ಔಷಧಿ ಅಂಗಡಿಯವರು ಬಂದಾಗ ಅತ್ತೆ "ಹಣೇಲಿ ಬರೆದಿದ್ರೆ ಆಗುತ್ತೆ ಬಿಡಿ" ಎಂದರು ಅಷ್ಟೇ. ಅವರು ತಂದಿದ್ದ ಕೇಕನ್ನು ಸುಮ್ಮನೆ ಬಿಟ್ಟು ಹೋದರು, ಮತ್ತೆ ಈ ಬೀದಿಗೆ ತಲೆ ಹಾಕಲಿಲ್ಲ. ಇಲ್ಲ ಎಂಬ ಪದವನ್ನು ಯಾರಾದರೂ ಆಡಿದರೇ?

ಹೋದ ವಾರ ಬಟ್ಟೆ ಒಣಹಾಕುವ ನೆವ ಮಾಡಿ ತಾರಸಿಗೆ ಹೋಗಿ ಫೋನಿನಲ್ಲಿ ನಿನಗೆ ಇದನ್ನೇ ಹೇಳಲು ನೋಡಿದೆ. ನೀನು ಅರ್ಧವೂ ಕೇಳಲಿಲ್ಲ. "ನೀನು ಒಂದ್ ದಿನ ಇಲ್ಲಿಗೆ ಬಂದಿದ್ದೀಯಾ? ಕಂಪ್ಯೂಟರಲ್ಲಿ ಇಂಗ್ಲಿಷ್ನೋರನ್ನ ಕೇಳಿದೋಳು, ದಿನಾ ಅವ್ರ ಜೊತೆ ಬದುಕ್ತಿರೋ ನನಗೆ ಹೇಳ್ತೀಯಾ?" ಎಂದೆ. ಬಟ್ಟೆಯ ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡು ನಿಂತೇ ಇದ್ದೆ. ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಹೌದಪ್ಪಾ, ನಾನು ಹೋಗಿಲ್ಲ. ಒರಾನ್ ವಿಮಾನ ನಿಲ್ದಾಣದ ಗಾಜಿನ ಬಾಗಿಲವರೆಗೆ ನಿನ್ನನ್ನು ಬಿಡಲು ಬಂದದ್ದೇ ನನ್ನ ವಿದೇಶ. ಹದಿನೈದು ವರ್ಷದಿಂದ ಒಂದು ಭಾಷೆಯನ್ನು ಕಲಿಸುತ್ತಿದ್ದೇನೆ, ಆ ಭಾಷೆಯ ಒಬ್ಬ ಮನುಷ್ಯನ ಎದುರು ಕೂತು ಟೀ ಕುಡಿದಿಲ್ಲ. ಇದು ನಿನಗಿಂತ ನನಗೇ ಹೆಚ್ಚು ಚುಚ್ಚುತ್ತದೆ ಎಂದು ನಿನಗೆ ಗೊತ್ತಿದ್ದೂ ಆಡಿದೆ.

ಅನುಮಾನ ನನಗೂ ಇದೆ, ಮುಚ್ಚಿಡುವುದಿಲ್ಲ. ಆ ಸಂಗ್ರಹದಲ್ಲಿ ಮಾತಾಡುವವರು ಹೆಚ್ಚಾಗಿ ಅಲ್ಲಿನವರೇ; ಎದೆಯ ಮೇಲೆ ಕೈಯಿಟ್ಟು ಬೇಡ ಎನ್ನುವವರ ದನಿಯನ್ನು ಅವರು ಹಿಡಿದಿಟ್ಟಿಲ್ಲ. ನಿನ್ನ ಪ್ರೊಫೆಸರು ಇಡೀ ದೇಶವಲ್ಲ, ಅವರ ಬೇಕಿದ್ದರೆ ನಿಜವಾಗಿಯೂ ಬೇಕಿದ್ದರೆಯೇ ಇರಬಹುದು. ನನ್ನ ಕಿವಿ ತಪ್ಪಾಗಿರಲಿ ಎಂದು ಪ್ರತಿ ನಮಾಜಿನಲ್ಲೂ ಬೇಡಿಕೊಂಡಿದ್ದೇನೆ. ಆದರೆ ನಾನು ತಪ್ಪಾಗಿದ್ದು ನೀನು ಹೋಗಿ ಕೇಳಿದರೆ ಹೋಗುವುದು ಒಂದು ಗಳಿಗೆಯ ಮಾನ. ನಾನು ಸರಿಯಿದ್ದು ನೀನು ಕೇಳದಿದ್ದರೆ ಏನೇನು ಹೋಗುತ್ತದೆ ಎಂದು ನೀನೇ ಲೆಕ್ಕ ಹಾಕು.

ಅದಕ್ಕೆ ನನ್ನ ಮಾತು ಕೇಳು, ರದ್ವಾನ್. ಈ ಕಾಗದ ಕೈಸೇರಿದ ಕೂಡಲೇ ಅವರನ್ನು ಹೋಗಿ ಕಾಣು. ನಿನ್ನ ಆ ಹಳೇ ವ್ಯಾಕರಣ ಪುಸ್ತಕದಿಂದ "ಅತ್ಯಂತ ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುತ್ತೇನೆ" ಎಂದೇನಾದರೂ ಶುರುಮಾಡಿದರೆ ಇಲ್ಲಿಂದಲೇ ಕಿವಿ ಹಿಂಡುತ್ತೇನೆ. ಅಲ್ಲಿ ಹಾಗೆ ಯಾರೂ ಮಾತಾಡುವುದಿಲ್ಲ, ನಾನು ಹುಡುಕಿದ್ದೇನೆ. ಚಿಕ್ಕದಾಗಿ ಹೇಳು. "ಸರ್, ಮೂರನೇ ಅಧ್ಯಾಯದ ಬಗ್ಗೆ ನೀವು ಹೇಳಿದ್ದು ನನಗೆ ಅರ್ಥವಾಗಿರಲಿಲ್ಲ. ನಮ್ಮ ಕಡೆ ಮೊದಲ ಸಲ ಬೇಡ ಅನ್ನುವುದು ಮರ್ಯಾದೆ. ನನಗೆ ಸಹಾಯ ಬೇಕಿತ್ತು, ಈಗಲೂ ಬೇಕು. ಇದು ಹೀಗೇ ಹೋದರೆ ಪಾಸಾಗುತ್ತದೆಯೇ, ನೇರವಾಗಿ ಹೇಳಿ." ನಡುವೆ ತಡವರಿಸಿದರೆ ತಡವರಿಸು, ಅವರೂ ತಡವರಿಸುತ್ತಾರೆ. ಸಮಿತಿಯನ್ನು ಮುಂದಕ್ಕೆ ಹಾಕಿಸಬಹುದಾದರೆ ಹಾಕಿಸು. ತಡವಾಗಿ ಬಂದರೂ ಬರೋಣ, ತಸ್ನೀಮಳಿಗೆ ನಾನು ಸಮಾಧಾನ ಹೇಳುತ್ತೇನೆ. ಇಲ್ಲಿ ಯಾರಿಗೂ ನಾನು ಒಂದಕ್ಷರ ಹೇಳಿಲ್ಲ, ಹೇಳುವುದೂ ಇಲ್ಲ. ಅತ್ತೆ ಬೀದಿಯಲ್ಲೆಲ್ಲ ನಿನ್ನನ್ನು ಆಗಲೇ ಡಾಕ್ಟರ್ ಎನ್ನುತ್ತಿದ್ದಾರೆ. ನಿನ್ನೆ ತರಕಾರಿಯವನು ತನ್ನ ಮಂಡಿನೋವಿಗೆ ನಿನ್ನ ಹತ್ತಿರ ಮಾತ್ರೆ ಕೇಳಿ ಎಂದು ಹೇಳಿಕಳಿಸಿದ್ದಾನೆ.

ಜೋರಾಗಿ ಬರೆದಿದ್ದರೆ ಅದು ಭಯಕ್ಕೆ, ನಿನ್ನ ಮೇಲಿನ ಸಿಟ್ಟಿಗಲ್ಲ. ಸ್ವಲ್ಪ ಸಿಟ್ಟೂ ಇದೆ, ಇರಲಿ. ನಿನ್ನ ಕೆಲಸ ಒಳ್ಳೆಯದು ಎಂದು ನನಗೆ ಗೊತ್ತು. ಬಿರುಬಿಸಿಲಲ್ಲಿ ಆ ಕೆಸರಿನಲ್ಲಿ ಮೊಣಕಾಲುದ್ದ ನಿಂತು ನೀನು ಅಳತೆ ತೆಗೆಯುತ್ತಿದ್ದಾಗ ಕೊಡೆ ಹಿಡಿದು ನಿಂತವಳು ನಾನೇ. ಅದು ಒಂದು ಉಪಚಾರದ ಮಾತಿಗೆ ಮುಳುಗಬಾರದು. ಅತ್ತೆಯ ಆಶೀರ್ವಾದ, ಚಿಕ್ಕಮ್ಮನ ದುವಾ, ನಿನ್ನ ತಂಗಿಯ ಸಲಾಂ, ಮಗಳ ಮುತ್ತು ಎಲ್ಲವನ್ನೂ ಇದರೊಳಗೇ ಮಡಚಿ ಕಳಿಸುತ್ತಿದ್ದೇನೆ. ದೇವರು ನಿನ್ನ ನಾಲಗೆಯ ಗಂಟನ್ನು ಬಿಡಿಸಲಿ, ಕೇಳುವವರ ಮನಸ್ಸನ್ನು ನಿನ್ನ ಕಡೆ ತಿರುಗಿಸಲಿ. ಝಾತರ್ ಕುಡಿ.

ನಿನ್ನವಳೇ,
ವಸೀಲಾ

ಮರೆತಿದ್ದಲ್ಲ, ಬರೆಯಬಾರದೆಂದುಕೊಂಡಿದ್ದೆ. ಗೌತಿ ಮಾವ ಕೆಳಗೆ ಟ್ಯಾಕ್ಸಿಯಲ್ಲಿ ಕೂತು ಹಾರ್ನ್ ಮಾಡುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಜನವರಿಯ ಕೊನೆಯ ಭೇಟಿಯಲ್ಲಿ ನೀನು ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತಿದ್ದೀಯ. ಕುರ್ಚಿ ಎಳೆಯುವ ಸದ್ದಾದ ಮೇಲೆ ಪ್ರೊಫೆಸರು ಬಾಗಿಲ ಹತ್ತಿರ ಕೇಳುತ್ತಾರೆ, "ಅಂದ ಹಾಗೆ, ಹೆಂಡತಿ ಮಕ್ಕಳಿರುವವರಿಗೆ ಅಂತ ಒಂದು ಮನೆ ಖಾಲಿಯಾಗುತ್ತಿದೆ. ಬೇಕಿದ್ದರೆ ನಿಮ್ಮ ಪರವಾಗಿ ಒಂದು ಮಾತು ಹೇಳಲೇ?" ನೀನು "ಇಲ್ಲ ಸರ್, ಧನ್ಯವಾದಗಳು, ಪರವಾಗಿಲ್ಲ" ಎನ್ನುತ್ತೀಯ. ಅದೇ ವಾರ ನಮಗೆ ಸ್ಪೀಕರಿನಲ್ಲಿ "ಸಂಸಾರಕ್ಕೆ ಮನೆ ಸಿಗೋದು ಕಷ್ಟ, ನೋಡೋಣ" ಎಂದೆ. ಆ ರೆಕಾರ್ಡಿಂಗನ್ನು ಎಷ್ಟು ಸಲ ಕೇಳಿದೆನೋ ನನಗೇ ಗೊತ್ತಿಲ್ಲ. ಅಧ್ಯಾಯಕ್ಕೆ ಬೇಡ ಎಂದ ದನಿಯೂ ಇದೇ, ಮನೆಗೆ ಬೇಡ ಎಂದ ದನಿಯೂ ಇದೇ. ಅಧ್ಯಾಯದ ವಿಷಯದಲ್ಲಿ ನಿನ್ನ ಮನಸ್ಸು ನನಗೆ ಗೊತ್ತು. ಇದರಲ್ಲಿ ಗೊತ್ತಾಗುತ್ತಿಲ್ಲ, ಯಾವ ಸಂಗ್ರಹದಲ್ಲೂ ಹುಡುಕಲಾರೆ. ಅವರು ಎರಡನೇ ಸಲ ಕೇಳುವವರಲ್ಲ, ಅದಕ್ಕೆ ನಾನು ಕೇಳುತ್ತಿದ್ದೇನೆ. ನಾನೂ ಮಗಳೂ ಬರಬೇಕೋ, ಬೇಡವೋ? ಉಪಚಾರಕ್ಕೆ ಕೇಳುತ್ತಿಲ್ಲ, ರದ್ವಾನ್.